ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ: ಹೌದು ಮೇಷ್ಟ್ರೇ, ಸರಿಯಾಗಿಯೇ ಅಚ್ಚಾಗಿದೆ

ನಮಸ್ಕಾರ ಮೇಷ್ಟ್ರೇ,

ಕಳೆದ ಸಂಚಿಕೆಯ ಹಕ್ಕಿ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಕಾಗೆಯನ್ನು ಹಾಡುಹಕ್ಕಿಗಳ ಸಾಲಿನಲ್ಲಿ ಕೂರಿಸಿ ಕೋಗಿಲೆಯನ್ನು ಹೊರಗಿಟ್ಟಿದ್ದೀರಲ್ಲ, ಇದೇನು ಅಚ್ಚಿನ ದೋಷವೇ?" ಅಂತ ಕೇಳಿದ್ದೀರಿ. ಗಿಳಿ, ಪಾರಿವಾಳ, ಕೋಗಿಲೆ ಎಲ್ಲವೂ ಕೊಂಬೆ ಮೇಲೆ ಕೂರುವಾಗ ಕೆಲವನ್ನು ಮಾತ್ರ 'ಕೂರುವ ಹಕ್ಕಿಗಳು' ಅನ್ನುವುದೇಕೆ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ಎರಡೂ ಒಳ್ಳೆಯ ಪ್ರಶ್ನೆಗಳು. ದೋಷ ಆಗಿಲ್ಲ, ಆದರೆ ವಿವರಣೆ ಬೇಕು.

ಮೊದಲು ಕಾಲು ನೋಡೋಣ. ಗುಬ್ಬಚ್ಚಿ, ಕಾಗೆ, ಪಿಕಳಾರ, ಸೂರಕ್ಕಿ ಇವುಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಕೋಗಿಲೆಗೆ ಎರಡು ಮುಂದೆ, ಎರಡು ಹಿಂದೆ. ಗಿಳಿಗೂ ಹಾಗೇ. ಪಾರಿವಾಳಕ್ಕೂ ಮೂರು-ಒಂದು ಇದೆಯಲ್ಲ ಅಂತ ನೀವು ಕೇಳುತ್ತೀರಿ, ಗೊತ್ತು. ಅದಕ್ಕೇ ಬೆರಳು ಎಣಿಸಿದರೆ ಸಾಲದು, ಒಳಗೂ ನೋಡಬೇಕು. ಗುಬ್ಬಚ್ಚಿಯ ಬಳಗದಲ್ಲಿ, ಅಂದರೆ 'ಕೂರುವ ಹಕ್ಕಿಗಳಲ್ಲಿ', ಹಿಂದಿನ ಬೆರಳನ್ನು ಎಳೆಯುವ ಸ್ನಾಯುರಜ್ಜು ಮುಂದಿನ ಬೆರಳುಗಳದ್ದಕ್ಕೆ ಅಂಟಿಕೊಂಡಿಲ್ಲ. ಅದು ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಹಾಗಾಗಿ ಸಣ್ಣ ರೆಂಬೆಯನ್ನೂ ಹುಲ್ಲಿನ ಕಡ್ಡಿಯನ್ನೂ ಚೆನ್ನಾಗಿ ಹಿಡಿಯಬಹುದು. ಜಗತ್ತಿನ ಸುಮಾರು 11,000 ಜಾತಿ ಹಕ್ಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ 6,000ಕ್ಕೂ ಹೆಚ್ಚು, ಈ ಒಂದೇ ಬಳಗದವು. ಕೆಲವೇ ಗ್ರಾಂ ತೂಗುವ ಪುಟಾಣಿ ಹಕ್ಕಿಯಿಂದ ಹಿಡಿದು ಕಿಲೋ ದಾಟುವ ಕಾಡುಕಾಗೆಯಂಥ ರೇವನ್‌ವರೆಗೆ.

ಇನ್ನು ಕಾಗೆಯ ವಿಷಯ. ಹಕ್ಕಿಯ ದನಿಪೆಟ್ಟಿಗೆ ನಮ್ಮ ಹಾಗೆ ಗಂಟಲಿನ ಮೇಲ್ಭಾಗದಲ್ಲಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ, ಎದೆಯೊಳಗೆ ಇದೆ. 1847ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ಈ ಭಾಗವನ್ನೇ ಬಿಡಿಸಿ ನೋಡಿ, ಅಲ್ಲಿನ ಸ್ನಾಯುಗಳ ಪ್ರಕಾರ ಹಕ್ಕಿಗಳನ್ನು ವಿಂಗಡಿಸಿದರು. ಕಾಗೆಯಲ್ಲಿ ಹಾಡುಹಕ್ಕಿಗೆ ಇರಬೇಕಾದ ಸ್ನಾಯುಗಳ ಜೋಡಿಗಳೆಲ್ಲ ಇವೆ. ಅದರ ದನಿ ನಮ್ಮ ಕಿವಿಗೆ ಹಿತವೋ ಅಲ್ಲವೋ, ಸಂಬಂಧ ಮಾತ್ರ ಬದಲಾಗುವುದಿಲ್ಲ.

ಕೋಗಿಲೆ ಮೊಟ್ಟೆ ಇಡುವುದು ಕಾಗೆಯ ಗೂಡಲ್ಲೇ ಅಲ್ವಾ? ಕಾಗೆಯ ತುತ್ತು ತಿಂದು, ಕಾಗೆಯ ಕೂಗು ಕೇಳುತ್ತಾ ಬೆಳೆದ ಆ ಮರಿ ದೊಡ್ಡದಾದ ಮೇಲೆ ಕೂಗುವುದು ಕೋಗಿಲೆಯ ಹಾಗೇ. ಆ ಕೂಗು ಹುಟ್ಟಿನಿಂದಲೇ ಬಂದದ್ದು. ಹಾಡುಹಕ್ಕಿಗಳಲ್ಲಿ ಹೀಗಲ್ಲ. ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯ ಮರಿಯನ್ನು ಬೇರೆ ಜಾತಿಯ ಫಿಂಚ್ ಸಾಕಿದರೆ, ಅದು ಸಾಕುತಂದೆಯ ಹಾಡನ್ನೇ ಕಲಿಯುತ್ತದೆ. ಹಾಡುಹಕ್ಕಿಗಳು ಹಾಡನ್ನು ಕೇಳಿ, ತೊದಲಿ, ತಿದ್ದಿಕೊಂಡು ಕಲಿಯುತ್ತವೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ, ನಿಮ್ಮಂಥ ಮೇಷ್ಟ್ರಿಗೂ ಹಿಡಿಸುತ್ತದೆ ಅಂದುಕೊಂಡಿದ್ದೇನೆ.

ಆದರೆ ಕೂರುವ ಹಕ್ಕಿಗಳೆಲ್ಲ ಹಾಡುಹಕ್ಕಿಗಳಲ್ಲ. ಬಳಗಕ್ಕೆ ಮೂರು ಕವಲುಗಳಿವೆ. ದೊಡ್ಡದು ಹಾಡುಹಕ್ಕಿಗಳದ್ದು. ಎರಡನೆಯದರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಬಹುಪಾಲು ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ. ಇವುಗಳಲ್ಲಿ ಹೆಚ್ಚಿನವಕ್ಕೆ ಕೂಗು ಹುಟ್ಟಿನಿಂದಲೇ ಬರುತ್ತದೆ. ಚಳಿಗಾಲಕ್ಕೆ ನಮ್ಮ ಕಾಡು-ತೋಟಗಳಿಗೆ ಬಂದು ತರಗೆಲೆ ಕೆದಕುವ ನವರಂಗ ಈ ಕವಲಿನದು. ಮೂರನೆಯದು ನ್ಯೂಜಿಲೆಂಡಿನ ಕೆಲವು ಪುಟ್ಟ ಹಕ್ಕಿಗಳದ್ದು. ಈಗ ಬದುಕಿ ಉಳಿದಿರುವುದು ಎರಡೇ ಜಾತಿ. ಬಾಲ ಮೋಟು, ಬಣ್ಣ ಸಪ್ಪೆ, ಆದರೆ ಉಳಿದೆಲ್ಲ ಕೂರುವ ಹಕ್ಕಿಗಳಿಂದ ಮೊದಲು ಕವಲೊಡೆದು ಹೋದವು ಇವೇ. ಈ ಎರಡು ಅಳಿದರೆ ಒಂದು ಇಡೀ ಕವಲೇ ಹೋದಂತೆ.

ಹಾಡುಹಕ್ಕಿಗಳ ಮೂಲ ಎಲ್ಲಿ? ಬಹಳ ಕಾಲ ಯುರೋಪು, ಏಷ್ಯಾ ಅಂದುಕೊಂಡಿದ್ದರು. ಆಸ್ಟ್ರೇಲಿಯಾಕ್ಕೆ ಹೋದ ಇಂಗ್ಲಿಷರು ಅಲ್ಲಿನ ಹಕ್ಕಿಗಳಿಗೆ ತಮ್ಮೂರಿನ ರಾಬಿನ್, ರೆನ್ ಎಂಬ ಹೆಸರುಗಳನ್ನೇ ಇಟ್ಟುಬಿಟ್ಟರು, ಸುಮ್ನೆ ನೋಡೋಕೆ ಹಾಗೇ ಇವೆ ಅಂತ. 1980ರ ದಶಕದಲ್ಲಿ ಅಮೆರಿಕದ ಸಿಬ್ಲಿ ಮತ್ತು ಆಲ್‌ಕ್ವಿಸ್ಟ್ ಬೇರೆ ಬೇರೆ ಹಕ್ಕಿಗಳ ಡಿಎನ್‌ಎ ಎಳೆಗಳನ್ನು ಬೆಸೆದು, ಎಷ್ಟು ಬಿಸಿಗೆ ಬಿಟ್ಟುಕೊಳ್ಳುತ್ತವೆ ಅಂತ ಅಳೆದರು. ಹತ್ತಿರದ ನಂಟಿದ್ದರೆ ಬೆಸುಗೆ ಗಟ್ಟಿ. ಆಸ್ಟ್ರೇಲಿಯಾದ ರಾಬಿನ್ನಿಗೂ ಯುರೋಪಿನ ರಾಬಿನ್ನಿಗೂ ಹತ್ತಿರದ ನಂಟಿಲ್ಲ ಅಂತ ತಿಳಿಯಿತು. ಅವರ ಲೆಕ್ಕದಲ್ಲಿ ಕೆಲವು ಮುಂದೆ ಬಿದ್ದುಹೋದವು. ಆದರೆ ಆಮೇಲೆ ವಂಶವಾಹಿಗಳನ್ನೇ ಅಕ್ಷರ ಅಕ್ಷರವಾಗಿ ಓದಿದಾಗ ವಿಷಯ ಇನ್ನೂ ಖಚಿತವಾಯಿತು: ಹಾಡುಹಕ್ಕಿಗಳ ಬೇರು ಆಸ್ಟ್ರೇಲಿಯಾದ ಕಡೆಯದು, ಬುಡದ ಕವಲಿನಲ್ಲಿರುವುದು ಕಂಡಕಂಡ ದನಿಗಳನ್ನೆಲ್ಲ ಅನುಕರಿಸುವ ಅಲ್ಲಿನ ಲೈರ್ ಹಕ್ಕಿ. ನಮ್ಮ ಹಿತ್ತಲಿನ ಕಾಗೆ, ಗೊರವಂಕ, ಕಾಜಾಣಗಳ ಪೂರ್ವಜರು ಅಲ್ಲಿಂದ ಹರಡಿದವರು.

ಮಡಿವಾಳ ಹಕ್ಕಿಯ ಕುಟುಂಬ ನಿಮ್ಮ ಹಳೆಯ ಪುಸ್ತಕದಲ್ಲಿ ಒಂದು, ನಮ್ಮಲ್ಲಿ ಇನ್ನೊಂದು ಅಂತಲೂ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಮೊದಲು ಥ್ರಷ್ ಹಕ್ಕಿಗಳ ಜೊತೆ ಇಡುತ್ತಿದ್ದರು. ಡಿಎನ್‌ಎ ನೋಡಿದ ಮೇಲೆ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಹಳೆಯ ಪುಸ್ತಕ ಎಸೆಯಬೇಡಿ, ಚಿತ್ರ ಮತ್ತು ವರ್ತನೆಯ ವಿವರಕ್ಕೆ ಅದು ಈಗಲೂ ಚೆನ್ನಾಗಿದೆ. ಕುಟುಂಬದ ಹೆಸರಿಗೆ ಮಾತ್ರ ಹೊಸ ಪಟ್ಟಿ ನೋಡಿ.

ಇಂತಿ,
ಸಂಪಾದಕ