ಮುಖಕ್ಕೆ ಬಣ್ಣ ಬರೆಯುವವರ ಪ್ರಶ್ನೆಗಳು: ಕುಂಚದ ನೀರು, ಕರಾವಳಿಯ ಬೆವರು

ಪ್ರಶ್ನೆ: ರಂಗೋಲಿ, ಮೆಹಂದಿ ಚೆನ್ನಾಗಿ ಬರುತ್ತದೆ. ಮಕ್ಕಳ ಮುಖಕ್ಕೆ ಚಿಟ್ಟೆ, ಹುಲಿ ಬರೆಯುವುದನ್ನು ಕಲಿಯಬೇಕೆಂದಿದ್ದೇನೆ. ಏನು ಕೊಳ್ಳಲಿ, ಎಲ್ಲಿಂದ ಶುರು ಮಾಡಲಿ? (ಗೃಹಿಣಿ, ಕಾರವಾರ)

ಉತ್ತರ: 30 ಬಣ್ಣದ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ. ನೀರು ತಾಗಿಸಿ ಬಳಸುವ ಕೇಕ್ ಬಣ್ಣಗಳಲ್ಲಿ ಬಿಳಿ, ಕಪ್ಪು, ಕೆಂಪು, ಹಳದಿ, ನೀಲಿ, ಹಸಿರು ಸಾಕು. ಬಿಳಿ ಮಾತ್ರ ಎರಡಿರಲಿ, ಬೇಗ ಮುಗಿಯುವುದು ಅದೇ. ಸಿಂಥೆಟಿಕ್ ಕೂದಲಿನ ದುಂಡು ಕುಂಚ 1, 3, 5ನೇ ನಂಬರಿನವು, ಅರ್ಧ ಇಂಚಿನ ಚಪ್ಪಟೆ ಕುಂಚ ಒಂದು, ಮೇಕಪ್ ಸ್ಪಾಂಜು ಆರೇಳು. ಒಂದೊಂದು ಸ್ಪಾಂಜನ್ನೂ ಎರಡು ಹೋಳು ಮಾಡಿಟ್ಟುಕೊಳ್ಳಿ. ಒಬ್ಬ ಮಗುವಿಗೆ ಬಳಸಿದ ಹೋಳು ತೊಳೆಯದೆ ಇನ್ನೊಬ್ಬರಿಗೆ ಬೇಡ.

ರಂಗೋಲಿಯ ಕೈಗೆ ಎಳೆಯ ಅಂದಾಜು ಇದ್ದೇ ಇರುತ್ತದೆ. ತೊಡಕು ಬರುವುದು ನೀರಿನಲ್ಲಿ. ಕುಂಚ ಅದ್ದಿ, ಬಟ್ಟಲಿನ ಅಂಚಿಗೆ ಎರಡು ಸಲ ಒರೆಸಿ, ಕೇಕಿನ ಮೇಲೆ 10–15 ಸುತ್ತು ತಿರುಗಿಸಿ. ಬಣ್ಣ ಹಾಲಿನಂತಿದ್ದರೆ ಎಳೆ ಕೆಳಗಿಳಿಯುತ್ತದೆ. ತೀರಾ ಗಟ್ಟಿಯಿದ್ದರೆ ಎಳೆ ನಡುವೆಯೇ ತುಂಡಾಗುತ್ತದೆ, ಮಗು ನಕ್ಕಾಗ ಬಿರಿಯುತ್ತದೆ. ಕೆನೆಯ ಹದ ಬೇಕು. ಸ್ಪಾಂಜು ಹಿಂಡಿದರೆ ಹನಿಯೂ ಬೀಳಬಾರದು.

ಮೊದಲ ವಾರವಿಡೀ ನಿಮ್ಮ ಮುಂಗೈಯ ಒಳಬದಿಯಲ್ಲಿ ಒಂದೇ ಆಕಾರ ಬರೆಯಿರಿ: ಬಾಲವಿರುವ ಹನಿ. ಕುಂಚದ ಹೊಟ್ಟೆಯನ್ನು ಒತ್ತಿ, ಎಳೆಯುತ್ತ ಮೆಲ್ಲಗೆ ಎತ್ತಿದರೆ ತುದಿ ಚೂಪಾಗುತ್ತದೆ. ಐದು ಹನಿ ಕೂಡಿದರೆ ಹೂವು, ಉದ್ದ ಎಳೆದರೆ ಹುಲಿಪಟ್ಟೆ, ಬಾಗಿಸಿದರೆ ಚಿಟ್ಟೆಯ ರೆಕ್ಕೆಯಂಚು. ಆಮೇಲೆ ಕನ್ನಡಿ ಮುಂದೆ ನಿಮ್ಮದೇ ಮುಖ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕಲಾವಿದರು ಕನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಬರೆದುಕೊಳ್ಳುತ್ತಾರಲ್ಲ, ಎರಡೂ ಕಡೆ ಸಮ ಬರುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಎಡಗೆನ್ನೆ ಪೂರ್ತಿ ಮುಗಿಸಿ ಬಲಕ್ಕೆ ಹೋಗಬೇಡಿ. ಒಂದು ಎಳೆ ಎಡಕ್ಕೆ, ಅದೇ ಎಳೆ ಕೂಡಲೇ ಬಲಕ್ಕೆ.

ಮಗುವನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಿರುಬೆರಳನ್ನು ಅದರ ದವಡೆಗೆ ಊರಿ ಬರೆಯಿರಿ. ಮಗು ಅಲುಗಿದರೆ ಕೈಯೂ ಜೊತೆಗೇ ಅಲುಗುತ್ತದೆ, ಎಳೆ ಕೆಡುವುದಿಲ್ಲ. ತಿಳಿಬಣ್ಣ ಮೊದಲು, ಅದು ಒಣಗಿದ ಮೇಲೆ ಕಪ್ಪು, ಬಿಳಿ ಚುಕ್ಕಿ ಕೊನೆಗೆ. ಹಸಿ ಹಳದಿಯ ಮೇಲೆ ಕಪ್ಪು ಎಳೆದರೆ ಕೆಸರೇ ಸೈ. ಐದು ನಿಮಿಷ ದಾಟಿದರೆ ಮಗುವಿನ ತಾಳ್ಮೆಯೂ ಮುಗಿಯುತ್ತದೆ.

ಪ್ರಶ್ನೆ: ಜಾತ್ರೆಯಲ್ಲಿ ಬರೆದ ಹುಲಿಮುಖ ಅರ್ಧ ಗಂಟೆಯಲ್ಲೇ ಕರಗಿ ಬಾಯಿಗೆ ಬಂತು. ಬಣ್ಣವೇ ಕಳಪೆಯೇ? (ಕುಮಟಾ)

ಉತ್ತರ: ಬಣ್ಣವನ್ನು ಬೈಯುವ ಮೊದಲು ಮಗುವಿನ ಮುಖ ನೋಡಿ. ತಲೆಯ ತೆಂಗಿನೆಣ್ಣೆ ಹಣೆಗೆ ಇಳಿದಿರುತ್ತದೆ, ಮೇಲೊಂದಿಷ್ಟು ಪೌಡರು. ಎಣ್ಣೆಯ ಮೇಲೆ ನೀರುಬಣ್ಣ ಕೂರುವುದಿಲ್ಲ, ಪೌಡರಿನ ಮೇಲೆ ಕೂತರೂ ಹಕ್ಕಳೆಯೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಎರಡು ನಿಮಿಷ ಫ್ಯಾನಿನ ಕೆಳಗೆ ಕೂರಿಸಿ ಶುರು ಮಾಡಿ.

ಇನ್ನೊಂದು ಕಾರಣ ನಮ್ಮ ಸೆಕೆ. ಗ್ಲಿಸರಿನ್ ಹೆಚ್ಚಿರುವ ಕೇಕು ಗಾಳಿಯ ತೇವವನ್ನು ಎಳೆದುಕೊಂಡು ಅಂಟಂಟಾಗುತ್ತದೆ. ಮೇಣ ಹೆಚ್ಚಿರುವುದು ಒಣಗಿ ನಿಲ್ಲುತ್ತದೆ. ಶಿರಸಿಯ ಚಳಿಗಾಲದಲ್ಲಿ ಎರಡೂ ನಡೆದೀತು, ಕುಮಟೆಯ ಏಪ್ರಿಲ್‌ಗೆ ಮೇಣದ್ದೇ ಇರಲಿ. ಆದರೂ ನೀರಲ್ಲಿ ಕರಗುವ ಬಣ್ಣ ಬೆವರಲ್ಲಿ ಕರಗದೇ ಇದ್ದೀತೇ? ಬೆವರು ಮೊದಲು ಒಡೆಯುವ ಮೇಲ್ದುಟಿ, ಮೂಗಿನ ತುದಿ, ಕೂದಲಂಚು ಖಾಲಿ ಬಿಡಿ. ಕಣ್ಣಿನ ಹೊರಬದಿ ಮತ್ತು ಕೆನ್ನೆಯೆಲುಬಿನ ಮೇಲೆ ಅರ್ಧ ಹುಲಿ ಬರೆದರೂ ಹುಲಿಯೇ, ಅದು ಸಂಜೆಯವರೆಗೂ ಇರುತ್ತದೆ. ಬೆವರು ಬಂದರೆ ಒರೆಸಬಾರದು, ಟಿಶ್ಯೂ ಒತ್ತಿ ತೆಗೆಯಬೇಕೆಂದು ಅಮ್ಮನಿಗೂ ಹೇಳಿ ಕಳಿಸಿ.

ಪ್ರಶ್ನೆ: ಮನೆಯಲ್ಲಿ ಹಳೆಯ ಯಕ್ಷಗಾನ ಬಣ್ಣದ ಪೆಟ್ಟಿಗೆಯಿದೆ: ಹಳದಿಯ ಅರದಾಳ, ಕೆಂಪಿನ ಇಂಗಳೀಕ, ಬಿಳಿಯ ಸಫೇದ. ಮಕ್ಕಳಿಗೆ ಹಚ್ಚಬಹುದೇ? (ಶಿರಸಿ)

ಉತ್ತರ: ಬೇಡವೇ ಬೇಡ. ಅರದಾಳ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ, ಇಂಗಳೀಕ ಪಾದರಸ ಮತ್ತು ಗಂಧಕದ್ದು. ಮಕ್ಕಳು ತುಟಿ ನೆಕ್ಕುತ್ತಾರೆ, ಕಣ್ಣುಜ್ಜುತ್ತಾರೆ. ಸಫೇದ ಸಾಮಾನ್ಯವಾಗಿ ಸತುವಿನ ಆಕ್ಸೈಡ್, ಆದರೆ ಹೆಸರಿಲ್ಲದ ಪೊಟ್ಟಣದೊಳಗೆ ಏನಿದೆಯೆಂದು ಹೇಳುವವರ್ಯಾರು? ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಉಬ್ಬಿಸಿ ಇಡುವ ಚಿಟ್ಟಿಗೆ ಅಕ್ಕಿಹಿಟ್ಟಿನೊಂದಿಗೆ ಬೆರೆಸುವ ಸುಣ್ಣವೂ ಎಳೆಯ ಚರ್ಮವನ್ನು ಸುಡುತ್ತದೆ. ಪೆಟ್ಟಿಗೆ ಮುಚ್ಚಿಡಿ, ಕಣ್ಣನ್ನು ಕಿವಿಯತ್ತ ಎಳೆಯುವ ಕಾಡಿಗೆಯ ರೀತಿ, ಹಣೆಯ ನಾಮ, ಕಪ್ಪೆಳೆಯ ಪಕ್ಕ ಬಿಳಿ ಚುಕ್ಕಿಸಾಲು, ಇವನ್ನು ಹೊಸ ಬಣ್ಣದಲ್ಲಿ ಬರೆಯಿರಿ.

ಪ್ರಶ್ನೆ: ಅಕ್ರಿಲಿಕ್ ಡಬ್ಬಿಯ ಮೇಲೆ ವಿಷಕಾರಿಯಲ್ಲ ಎಂದಿದೆ. ನಡೆಯುತ್ತದೆಯೇ? (ಅಂಕೋಲಾ)

ಉತ್ತರ: ಇಲ್ಲ. ಆ ಮಾತು ಕಾಗದಕ್ಕೆ ಬಳಿಯುವ ಬಣ್ಣದ ಬಗ್ಗೆ, ಚರ್ಮದ ಬಗ್ಗೆ ಅಲ್ಲ. ಒಣಗಿದರೆ ಪ್ಲಾಸ್ಟಿಕ್ ಪದರ, ಕೀಳುವಾಗ ರೋಮವೂ ಬರುತ್ತದೆ. ಕ್ರಾಫ್ಟ್ ಗ್ಲಿಟರ್ ಕೂಡ ಬೇಡ, ಚೂಪಂಚಿನ ಕಣ ಕಣ್ಣನ್ನು ಗೀರುತ್ತದೆ. ಸೌಂದರ್ಯವರ್ಧಕ ಗ್ಲಿಟರ್ ಮಾತ್ರ. ಯಾವ ಬಣ್ಣವಾದರೂ ಹಿಂದಿನ ದಿನ ಮೊಣಕೈಯ ಒಳಮಡಿಕೆಗೆ ಚುಕ್ಕಿಯಿಟ್ಟು 24 ಗಂಟೆ ನೋಡಿ. ಗಾಯ, ಕಜ್ಜಿ, ಕೆಂಗಣ್ಣು ಇದ್ದರೆ ಆ ದಿನ ಕೈಗೆ ಬರೆದುಕೊಡಿ.

ಪ್ರಶ್ನೆ: ಚಿಟ್ಟೆ, ಹುಲಿ ಬರೆದು ಬೇಸರ ಬಂದಿದೆ. ನಮ್ಮ ಕಡೆಯದೇ ಏನಾದರೂ ಹೇಳಿ. (ಹೊನ್ನಾವರ)

ಉತ್ತರ: ಅಘನಾಶಿನಿ ಕಣಿವೆಯ ಮಂಗ, ಸಿಂಗಳೀಕ. ಕಪ್ಪು ಮುಖ, ಸುತ್ತ ಬೂದು ಕೇಸರ. ಮುಖವೇ ಚಿತ್ರದ ಚೌಕಟ್ಟು. ಬಿಳಿಗೆ ಚೂರೇ ಕಪ್ಪು ಬೆರೆಸಿ ಹಣೆಯ ಬದಿಯಿಂದ ಕೆನ್ನೆಯಂಚು ಹಿಡಿದು ಗಲ್ಲದವರೆಗೆ ಸ್ಪಾಂಜಿನಿಂದ ತಟ್ಟಿ. ಒಣಗಿದ ಮೇಲೆ 1ನೇ ನಂಬರಿನ ಕುಂಚದಿಂದ ಒಳಗಿನಿಂದ ಹೊರಕ್ಕೆ ಬಿಳಿ ರೋಮ ಎಳೆಯಿರಿ, ಒಂದುದ್ದ, ಒಂದು ಗಿಡ್ಡ. ಎಲ್ಲವೂ ಸಮವಾದರೆ ಪೊರಕೆ ಕಂಡಂತಾಗುತ್ತದೆ. ಇಡೀ ಮುಖಕ್ಕೆ ಕಪ್ಪು ಬಳಿಯಬೇಡಿ, ತೊಳೆಯುವಾಗ ಕಷ್ಟ. ಹುಬ್ಬು, ಮೂಗಿನ ಸೇತುವೆ, ಕಣ್ಣಿನ ಸುತ್ತ ಸಾಕು, ರೆಪ್ಪೆಯಂಚಿನಿಂದ ದೂರವಿರಲಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು. ಕೆಂಪು, ನೀಲಿಯ ಕಲೆ ಉಳಿದರೆ ಕಣ್ಣಿಗೆ ಹೋಗದಂತೆ ತೆಂಗಿನೆಣ್ಣೆ ಸವರಿ, ಸ್ವಲ್ಪ ಬಿಟ್ಟು ಮತ್ತೆ ಸೋಪು. ಮಳೆಗಾಲದಲ್ಲಿ ಕೇಕನ್ನು ಹಸಿಯಾಗಿ ಮುಚ್ಚಿಡಬೇಡಿ. ಬೂಷ್ಟು ಕಂಡರೆ ಮೇಲಷ್ಟು ಕೆರೆದು ಉಳಿಸಿಕೊಳ್ಳುವ ಆಸೆ ಬರುತ್ತದೆ. ಇಡೀ ಕೇಕನ್ನೇ ಎಸೆಯಿರಿ.