ತಿರುಗುವ ತಲೆಯ ಸ್ಕ್ರೂ ಬೆನ್ನುಮೂಳೆಯನ್ನು ಗಟ್ಟಿಯಾಗಿ ಹಿಡಿಯುತ್ತದೆಯೇ? ಹಳೆಯ ರಾಡಿಗೆ ಹೊಸ ರಾಡ್ ಜೋಡಿಸುವುದು ಭದ್ರವೇ?

ನಿಮ್ಮ ತಾಯಿಯವರ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಕಗಳನ್ನು ಕೆಲವು ವರ್ಷಗಳ ಹಿಂದೆ ಸ್ಕ್ರೂ ಮತ್ತು ರಾಡ್‌ಗಳಿಂದ ಬಿಗಿದಿದ್ದಾರೆ. ಈಗ ಮೂರನೆಯ ಕಶೇರುಕವೂ ಜಾರಿರುವುದರಿಂದ ಅಲ್ಲಿಗೆ ಪಾಲಿಆಕ್ಸಿಯಲ್ ಸ್ಕ್ರೂ, ಅಂದರೆ ತಲೆಯ ಭಾಗ ಎಲ್ಲ ದಿಕ್ಕಿಗೂ ವಾಲುವ ಸ್ಕ್ರೂ ಹಾಕಿ, ಕನೆಕ್ಟರ್ ಮೂಲಕ ಹಳೆಯ ರಾಡಿಗೆ ಜೋಡಿಸುವುದಾಗಿ ವೈದ್ಯರು ಹೇಳಿದ್ದಾರೆ. ವಾಲುವ ಸ್ಕ್ರೂ ಹೇಗೆ ಗಟ್ಟಿಯಾಗಿ ನಿಂತೀತು, ಒಂದೇ ಉದ್ದದ ರಾಡ್ ಹಾಕುವ ಬದಲು ತುಂಡು ಸೇರಿಸಿದರೆ ದುರ್ಬಲವಾಗುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ವೈದ್ಯನಲ್ಲ, ಇಂಥ ಸಾಧನಗಳನ್ನು ಯಂತ್ರಕ್ಕೆ ಕಟ್ಟಿ, ಅವು ಸೋಲುವವರೆಗೆ ಬಗ್ಗಿಸಿ ಪರೀಕ್ಷಿಸುವ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ಎಂಜಿನಿಯರ್. ಆದ್ದರಿಂದ ನನ್ನ ಉತ್ತರ ಲೋಹದ ಕಡೆಯಿಂದ ಬರುವ ಉತ್ತರವೆಂದು ತಿಳಿದು ಓದಿ.

ಮೊದಲನೆಯ ಸಂದೇಹಕ್ಕೆ ನೇರ ಉತ್ತರವಿದೆ. ಸ್ಕ್ರೂವಿನ ತಲೆ ವಾಲುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಾತ್ರ. ಗಾಯ ಮುಚ್ಚುವ ಹೊತ್ತಿಗೆ ಅದು ಅಲುಗದಂತೆ ಬಿಗಿಯಾಗಿರುತ್ತದೆ. ಹಾಗಿದ್ದರೆ ಮೊದಲಿಗೆ ವಾಲುವುದಾದರೂ ಏಕೆ ಎಂದರೆ, ಕಶೇರುಕದೊಳಗೆ ಸ್ಕ್ರೂ ಹೋಗುವ ದಾರಿಯನ್ನು ವೈದ್ಯರು ತಮ್ಮ ಇಷ್ಟದಂತೆ ಆರಿಸಿಕೊಳ್ಳಲಾರರು. ಹಿಂಬದಿಯಿಂದ ಕಶೇರುಕದ ಮುಂದಿನ ದಪ್ಪ ಭಾಗಕ್ಕೆ ಪೆಡಿಕಲ್ ಎಂಬ ಗಿಡ್ಡನೆಯ ಮೂಳೆಯ ಸೇತುವೆಯಿದೆ. ಸ್ಕ್ರೂ ಅದರೊಳಗೇ ಸಾಗಬೇಕು, ಏಕೆಂದರೆ ಅದರ ಒಳಮಗ್ಗುಲಲ್ಲಿ ನರಗಳ ಕಾಲುವೆಯೂ ಕೆಳಮಗ್ಗುಲಲ್ಲಿ ಹೊರಬರುವ ನರವೂ ಇರುತ್ತವೆ. ಸೊಂಟದ ಭಾಗದಲ್ಲಿ ಕೆಳಗೆ ಇಳಿದಂತೆ ಈ ಸೇತುವೆ ಹೆಚ್ಚು ಹೆಚ್ಚು ಒಳಮುಖವಾಗಿ ಓರೆಯಾಗುತ್ತದೆ. ಹೀಗಾಗಿ ಪಕ್ಕಪಕ್ಕದ ಸ್ಕ್ರೂಗಳು ಒಂದೇ ದಿಕ್ಕಿಗೆ ಮುಖ ಮಾಡುವುದು ಅಪರೂಪ, ಆದರೆ ರಾಡ್ ಅವೆಲ್ಲವುಗಳ ತಲೆಯ ಮೂಲಕವೂ ಹಾದುಹೋಗಬೇಕು. ಫ್ರಾನ್ಸಿನ ಶಸ್ತ್ರವೈದ್ಯ ರೇಮಂಡ್ ರಾಯ್‌ಕಾಮಿಯ್ ಅವರು 1963ರಲ್ಲಿ ಪೆಡಿಕಲ್ ಸ್ಕ್ರೂಗಳನ್ನು ಲೋಹದ ಪಟ್ಟಿಗಳ ಜೊತೆ ಬಳಸತೊಡಗಿದಾಗ ಪಟ್ಟಿಯ ರಂಧ್ರಗಳು ಎಲ್ಲಿವೆಯೋ ಅಲ್ಲಿಗೆ ಸ್ಕ್ರೂ ಹೊಂದಬೇಕಿತ್ತು. ತಲೆ ಗಟ್ಟಿಯಾಗಿರುವ ಸ್ಕ್ರೂಗಳಲ್ಲಿ ಈಗಲೂ ರಾಡನ್ನು ಬಹಳ ಲೆಕ್ಕಾಚಾರದಿಂದ ಬಗ್ಗಿಸಬೇಕಾಗುತ್ತದೆ. ಹೊಂದದ ರಾಡನ್ನು ಬಲವಂತವಾಗಿ ಕೂರಿಸಿದರೆ, ಆ ಸೆಳೆತವೆಲ್ಲ ಸ್ಕ್ರೂವನ್ನು ಮೂಳೆಯಿಂದ ಮೇಲಕ್ಕೆ ಎಳೆಯುವ ಬಲವಾಗಿ ಉಳಿದುಬಿಡುತ್ತದೆ.

ಪಾಲಿಆಕ್ಸಿಯಲ್ ಸ್ಕ್ರೂವಿನ ದಂಡದ ಮೇಲ್ತುದಿ ಗುಂಡಾಗಿರುತ್ತದೆ. ಆ ಗುಂಡು, ಮೇಲ್ಭಾಗ ತೆರೆದಿರುವ ಒಂದು ಬಟ್ಟಲಿನಂಥ ತಲೆಯೊಳಗೆ ಕುಳಿತು ಸುಮಾರು 25ರಿಂದ 30 ಡಿಗ್ರಿಗಳವರೆಗೆ ಯಾವ ಕಡೆಗಾದರೂ ವಾಲುತ್ತದೆ. ರಾಡನ್ನು ಬಟ್ಟಲಿನ ಎರಡು ತೋಳುಗಳ ನಡುವೆ ಇಟ್ಟು, ಮೇಲಿನಿಂದ ಸೆಟ್ ಸ್ಕ್ರೂ ಎಂಬ ಸಣ್ಣ ತಿರುಪನ್ನು ಬಿಗಿದಾಗ ಆ ಒತ್ತಡ ರಾಡಿನ ಮೂಲಕ ಕೆಳಗಿರುವ ಒಂದು ಸಣ್ಣ ಪೀಠಕ್ಕೆ, ಪೀಠದಿಂದ ಗುಂಡಿಗೆ ಇಳಿದು, ಮೂರನ್ನೂ ಒಮ್ಮೆಗೇ ಕಚ್ಚಿ ಹಿಡಿಯುತ್ತದೆ. ಈ ಬಿಗಿತ ಕೈಯಂದಾಜಿನದಲ್ಲ. ಸೊಂಟದ ಭಾಗದ ಅನೇಕ ಸಾಧನಗಳಲ್ಲಿ 10ರಿಂದ 12 ನ್ಯೂಟನ್ ಮೀಟರ್‌ಗೆ ನಿಗದಿಪಡಿಸಿದ ಟಾರ್ಕ್ ವ್ರೆಂಚ್, ಅಂದರೆ ತಿರುಚುವ ಬಲವನ್ನು ಅಳೆದು ಬಿಗಿಯುವ ಹಿಡಿಕೆ ಬಳಸುತ್ತಾರೆ, ಮತ್ತು ಆ ತಿರುಚುವ ಬಲ ಮೂಳೆಗೆ ಹೋಗದಿರಲೆಂದು ಇನ್ನೊಂದು ಹಿಡಿಕೆಯಿಂದ ತಲೆಯನ್ನು ಅದುಮಿ ಹಿಡಿದಿರುತ್ತಾರೆ. ಬಿಗಿಯುವಾಗ ಬಟ್ಟಲಿನ ತೋಳುಗಳು ಹೊರಕ್ಕೆ ಅಗಲಿದರೆ ಹಿಡಿತ ಹೋಗುತ್ತದೆ. ಅದನ್ನು ತಡೆಯಲೆಂದೇ ಸೆಟ್ ಸ್ಕ್ರೂವಿನ ಥ್ರೆಡ್‌ಗಳನ್ನು, ಅಂದರೆ ಸುತ್ತಲಿನ ಸುರುಳಿ ಏಣುಗಳನ್ನು, ಸಾಮಾನ್ಯ ತ್ರಿಕೋನಾಕಾರದಲ್ಲಿ ಕೊರೆಯದೆ ಚೌಕಾಕಾರದಲ್ಲೋ ಒಳಬಾಗಿದ ಆಕಾರದಲ್ಲೋ ಕೊರೆಯುತ್ತಾರೆ. ನನಗೆ ಈ ಸಾಧನದಲ್ಲಿ ಅತ್ಯಂತ ಮೆಚ್ಚುಗೆಯಾದ ಭಾಗ ಕಣ್ಣಿಗೆ ಬೀಳದ ಈ ಥ್ರೆಡ್‌ಗಳೇ.

ನಿಮ್ಮ ಅನುಮಾನದಲ್ಲಿ ಒಂದು ನಿಜವೂ ಇದೆ. ಮಿತಿಮೀರಿದ ಭಾರ ಹೇರಿದಾಗ ಪಾಲಿಆಕ್ಸಿಯಲ್ ಸ್ಕ್ರೂವಿನಲ್ಲಿ ಮೊದಲು ಜರುಗುವುದು ಸಾಮಾನ್ಯವಾಗಿ ಆ ಗುಂಡಿನ ಕೀಲೇ, ಏಕೆಂದರೆ ಅದನ್ನು ಹಿಡಿದಿರುವುದು ಬಹುಮಟ್ಟಿಗೆ ಘರ್ಷಣೆ. ಆದರೆ ದಂಡವೇ ತುಂಡಾಗಿ ಅರ್ಧ ಮೂಳೆಯೊಳಗೆ ಉಳಿಯುವುದಕ್ಕಿಂತ ಕೀಲು ಒಂದೆರಡು ಡಿಗ್ರಿ ಜರುಗುವುದು ಕಡಿಮೆ ಹಾನಿಯದು. ಬೆನ್ನುಮೂಳೆಯ ತಿರುಚನ್ನು ಬಲಹಾಕಿ ನೇರಗೊಳಿಸಬೇಕಾದ ಕಡೆ ಗಟ್ಟಿ ತಲೆಯ ಸ್ಕ್ರೂಗಳನ್ನು ಅನೇಕ ವೈದ್ಯರು ಈಗಲೂ ಆರಿಸಿಕೊಳ್ಳುತ್ತಾರೆ.

ನಿಜವಾಗಿ ಚಿಂತಿಸಬೇಕಾದ ಸಡಿಲತೆ ಮೂಳೆ ಮತ್ತು ಸ್ಕ್ರೂ ಸೇರುವಲ್ಲಿದೆ. ತಾಯಿಯವರ ಮೂಳೆಯ ಸಾಂದ್ರತೆಯನ್ನು ಪರೀಕ್ಷಿಸದಿದ್ದರೆ ಅದನ್ನು ಕೇಳಿ ಮಾಡಿಸಿ. ಮೂಳೆ ಟೊಳ್ಳಾಗಿದ್ದರೆ ಹೆಚ್ಚು ದಪ್ಪನೆಯ ಸ್ಕ್ರೂ, ಅಥವಾ ಸ್ಕ್ರೂವಿನ ಸುತ್ತ ಮೂಳೆಯ ಸಿಮೆಂಟ್ ತುಂಬುವಂಥ ಉಪಾಯಗಳಿವೆ.

ಇನ್ನು ಕನೆಕ್ಟರ್. ಹಳೆಯ ರಾಡನ್ನು ತೆಗೆದು ಉದ್ದನೆಯದನ್ನು ಹಾಕುವುದು ಕಾಗದದ ಮೇಲೆ ಸರಳ. ಆದರೆ ಅದಕ್ಕಾಗಿ ಹಳೆಯ ಗಾಯದ ಗಟ್ಟಿ ಅಂಗಾಂಶವನ್ನು ಪೂರ್ತಿ ಬಿಡಿಸಬೇಕು, ಮೇಲೆ ಬೆಳೆದಿರುವ ಮೂಳೆಯನ್ನು ಕೆತ್ತಬೇಕು, ಆ ತಯಾರಿಕೆಗೇ ಹೊಂದುವ ಉಪಕರಣಗಳು ಕೈಯಲ್ಲಿರಬೇಕು. ಕೆಳಗಿನ ಎರಡು ಕಶೇರುಕಗಳು ಈಗಾಗಲೇ ಬೆಸೆದುಕೊಂಡಿದ್ದರೆ ಅವುಗಳನ್ನು ಕದಲಿಸದೆ, ಹಳೆಯ ರಾಡಿನ ತುದಿಯಲ್ಲೋ ಪಕ್ಕದಲ್ಲೋ ಕನೆಕ್ಟರ್ ಹಿಡಿಸಿ ಹೊಸದನ್ನು ಸೇರಿಸುವುದರಿಂದ ಶಸ್ತ್ರಚಿಕಿತ್ಸೆಯ ಹರವು ಕಡಿಮೆಯಾಗುತ್ತದೆ. ಪಕ್ಕಕ್ಕೆ ಜೋಡಿಸುವ ಬಗೆಯನ್ನು ಡೊಮಿನೊ ಎನ್ನುತ್ತಾರೆ. ಅದರಲ್ಲಿ ಎರಡು ರಾಡ್‌ಗಳು ಸಮಾನಾಂತರವಾಗಿದ್ದು ಭಾರ ಒಂದರಿಂದ ಇನ್ನೊಂದಕ್ಕೆ ಪಕ್ಕಕ್ಕೆ ದಾಟುವುದರಿಂದ ಕನೆಕ್ಟರಿನಲ್ಲಿ ತಿರುಚುವ ಬಲ ಹುಟ್ಟುತ್ತದೆ. ಅದನ್ನು ತಾಳಲು ರಾಡಿನ ತುದಿ ಕನೆಕ್ಟರಿನ ಆಚೆಗೆ ಸ್ವಲ್ಪ ಚಾಚಿರಬೇಕು ಮತ್ತು ಎಲ್ಲ ಸೆಟ್ ಸ್ಕ್ರೂಗಳೂ ನಿಗದಿತ ಮಟ್ಟಕ್ಕೆ ಬಿಗಿಯಾಗಿರಬೇಕು. ಪ್ರತಿಯೊಂದು ಜೋಡಣೆಯೂ ಅನುಕೂಲದ ಜೊತೆಗೆ ಸೋಲಬಹುದಾದ ಇನ್ನೊಂದು ಜಾಗವನ್ನೂ ತರುತ್ತದೆ ಎಂಬುದನ್ನು ನಾನು ಮುಚ್ಚಿಡಲಾರೆ. ಅಗತ್ಯಕ್ಕಿಂತ ಒಂದೂ ಹೆಚ್ಚು ಜೋಡಣೆ ಇರಬಾರದೆಂಬುದೇ ನನ್ನ ಅಭಿಪ್ರಾಯ.

ಪರೀಕ್ಷಾಲಯದಲ್ಲಿ ಎಎಸ್‌ಟಿಎಂ ಎಫ್1717 ಎಂಬ ಮಾನದಂಡದಂತೆ, ಪ್ಲಾಸ್ಟಿಕ್ಕಿನ ಎರಡು ದಿಮ್ಮಿಗಳ ನಡುವೆ ಮೂಳೆಯೇ ಇಲ್ಲವೆಂಬಂತೆ ಅಂತರ ಬಿಟ್ಟು, ಸ್ಕ್ರೂ ಮತ್ತು ರಾಡ್‌ಗಳ ಜೋಡಣೆಯನ್ನು 50 ಲಕ್ಷ ಬಾರಿ ಬಗ್ಗಿಸುತ್ತೇವೆ. ಸೆಕೆಂಡಿಗೆ 5 ಬಾರಿಯಂತೆ ಓಡಿಸಿದರೂ ಹನ್ನೊಂದೂವರೆ ದಿನ ಬೇಕು. ಇಷ್ಟು ಕಠಿಣ ಪರೀಕ್ಷೆಯ ಉದ್ದೇಶ, ಕಶೇರುಕಗಳು ಬೆಸೆದು ತಾವೇ ಭಾರ ಹೊರುವವರೆಗೆ ಲೋಹ ದಣಿಯದೆ ನಿಲ್ಲುತ್ತದೆಯೇ ಎಂದು ಅಳೆಯುವುದು. ಮೂಳೆ ಬೆಸೆಯದೇ ಹೋದರೆ ಎಷ್ಟೇ ಒಳ್ಳೆಯ ರಾಡ್ ಆದರೂ ಒಂದು ದಿನ ಬಿರುಕು ಬಿಡಬಹುದು. ಟೈಟಾನಿಯಂ ಮಿಶ್ರಲೋಹದ ರಾಡನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಕಚ್ಚು ಬೀಳಿಸಿದರೆ ಆ ಬಿರುಕು ಇನ್ನೂ ಬೇಗ ಬರುತ್ತದೆ.

ನೀವು ಈಗಲೇ ಮಾಡಬಹುದಾದ ಒಂದು ಕೆಲಸವೆಂದರೆ ಹಳೆಯ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ಹುಡುಕುವುದು. ಬಳಸಿದ ಸಾಧನಗಳ ಸ್ಟಿಕ್ಕರುಗಳನ್ನು ಸಾಮಾನ್ಯವಾಗಿ ಅದರಲ್ಲಿ ಅಂಟಿಸಿರುತ್ತಾರೆ. ಅದರಿಂದ ರಾಡಿನ ಲೋಹವೂ ವ್ಯಾಸವೂ ತಿಳಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಟೈಟಾನಿಯಂ ಒಂದಕ್ಕೊಂದು ತಾಗಿದರೆ ದೇಹದ ದ್ರವದಲ್ಲಿ ತುಕ್ಕಿನ ಅಪಾಯವಿರುವುದರಿಂದ ಅವನ್ನು ಜೋಡಿಸುವುದಿಲ್ಲ. ವ್ಯಾಸವೂ ಅಷ್ಟೇ ಮುಖ್ಯ, ಏಕೆಂದರೆ ರಾಡಿನ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಒಂದೇ ಲೋಹದ 5.5 ಮಿಲಿಮೀಟರ್ ರಾಡಿಗಿಂತ 6 ಮಿಲಿಮೀಟರ್ ರಾಡ್ ಸುಮಾರು ಶೇಕಡಾ 40ರಷ್ಟು ಹೆಚ್ಚು ಬಿಗುವಾಗಿರುತ್ತದೆ. ಎರಡು ಬದಿಗೆ ಎರಡು ವ್ಯಾಸವಿರುವ ಕನೆಕ್ಟರುಗಳು ಸಿಗುತ್ತವೆ. ದಾಖಲೆ ಸಿಗದಿದ್ದರೆ ಅದನ್ನೂ ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಿ; ಆಗ ಬೇರೆ ಬೇರೆ ಅಳತೆಯ ಕನೆಕ್ಟರುಗಳನ್ನು ಆ ದಿನಕ್ಕೆ ತರಿಸಿಟ್ಟುಕೊಳ್ಳಲು ಅವರಿಗೆ ಸಮಯ ಸಿಗುತ್ತದೆ.