ಅತ್ತೆಯನ್ನೂ ತವರಿನವರನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿ, ಇದನ್ನು 2018ರಲ್ಲಿ ನಾನೇ ಬರೆದಿದ್ದೆನಾ ಅನ್ನಿಸಿತು. ನೀವು ಒಬ್ಬಳೇ ಮಗಳು, ನಿಮ್ಮವರು ಒಬ್ಬರೇ ಮಗ. ಅತ್ತೆ ನಿಮ್ಮ ಜೊತೆ, ಅಪ್ಪ ಅಮ್ಮ ಊರಲ್ಲಿ. ಊರಿನ ಮನೆ ಮಾರಿ ಬೆಂಗಳೂರಲ್ಲಿ ದೊಡ್ಡ ಫ್ಲ್ಯಾಟ್ ತಗೊಂಡು ಎಲ್ಲರೂ ಒಟ್ಟಿಗೆ ಇರಬೇಕು ಅಂತ ಆಸೆ. ಮೂರು ಬೆಡ್‌ರೂಮ್ ಸಾಕಾ, ನಾಲ್ಕು ಬೇಕಾ ಅಂತ ಕೇಳಿದ್ದೀರಿ.

ಬೆಡ್‌ರೂಮ್ ಲೆಕ್ಕ ಆಮೇಲೆ. ಒಲೆ ಎಷ್ಟು?

ನಮ್ಮದು ಧಾರವಾಡ, ಗಂಡನದು ಮೈಸೂರು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದರು. ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಅಪ್ಪ ಅವ್ವ ಇಬ್ಬರನ್ನೇ ಧಾರವಾಡದಲ್ಲಿ ಬಿಡೋಕೆ ನನಗೆ ಧೈರ್ಯ ಬರಲಿಲ್ಲ. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ತಿಂಗಳಿಗೆ 28,000 ಬಾಡಿಗೆಗೆ ಮೂರು ಬೆಡ್‌ರೂಮಿನ ಮನೆ ಸಿಕ್ಕಿತು. ಅತ್ತೆಯೇ, "ಕರ್ಕೊಂಡು ಬಾರಮ್ಮ, ನನಗೂ ಮಾತಿಗೆ ಜನ ಆಗ್ತಾರೆ" ಅಂದಿದ್ದರು. ಅತ್ತೆ ಒಳ್ಳೆಯವರು. ಅವ್ವನೂ ಒಳ್ಳೆಯವಳು. ತೊಂದರೆ ಆಗಿದ್ದೇ ಅಲ್ಲಿ.

ನಾನು ಮಾಡಿದ ತಪ್ಪು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಧಾರವಾಡದಿಂದ ಸಾಮಾನು ಕಟ್ಟುವಾಗ ಅಪ್ಪನ ಗ್ಯಾಸ್ ಕನೆಕ್ಷನ್ ಸರೆಂಡರ್ ಮಾಡಿಸಿದೆ. ಅಪ್ಪ, "ಇದ್ರ ಇರ್ಲಿ ಬಿಡವಾ, ಅದೇನು ಅನ್ನ ಕೇಳ್ತದ?" ಅಂದರು. ನಾನು ಕೇಳಲಿಲ್ಲ. ಒಂದು ಮನೆಗೆ ಒಂದೇ ಕನೆಕ್ಷನ್ ಅಂತ ನಿಯಮ ಇದೆ ಅಂತ ಅವರಿಗೇ ಪಾಠ ಮಾಡಿದೆ. ಎರಡು ಸಿಲಿಂಡರು, ರೆಗ್ಯುಲೇಟರು, ಹಳದಿ ಬಣ್ಣಕ್ಕೆ ತಿರುಗಿದ್ದ ವೋಚರ್, ಎಲ್ಲ ಏಜೆನ್ಸಿಗೆ ವಾಪಸ್ ಕೊಟ್ಟು ಬಂದೆ. ವೋಚರ್‌ನಲ್ಲಿ ಬರೆದಿದ್ದ ಹಳೇ ಕಾಲದ ಡೆಪಾಸಿಟ್ ಅಷ್ಟೇ ಕೈಗೆ ಬಂತು. ಈಗ ಹೊಸದಾಗಿ ತಗೊಂಡರೆ 14.2 ಕೆಜಿಯ ಒಂದು ಸಿಲಿಂಡರ್‌ಗೇ 2,200 ಡೆಪಾಸಿಟ್.

ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ನಿಯಮವನ್ನೇ ನಾನು ಅರ್ಧ ಓದಿದ್ದೆ. ಅದರಲ್ಲಿ ಮನೆ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಅವಲಂಬಿತ ತಂದೆತಾಯಿ, ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಅಡುಗೆಮನೆ ಒಂದೇ ಆಗಿದ್ದರೆ ಮಾತ್ರ ಒಂದು ಕನೆಕ್ಷನ್. ಅಡುಗೆಮನೆ ಒಂದೇ ಇರಬೇಕು ಅಂತ ಸರ್ಕಾರ ಎಲ್ಲೂ ಹೇಳಿರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೆ. ಜೊತೆಗೆ ಮೂರು ಬರ್ನರ್‌ನ ಹೊಸ ಒಲೆ ಬೇರೆ ತಂದೆ. ಮೂವರು ಹೆಂಗಸರು, ಮೂರು ಬರ್ನರ್, ಲೆಕ್ಕ ಸರಿಹೋಯ್ತು ಅಂತ!

ಅವ್ವ ಐದೂವರೆಗೆ ಏಳ್ತಾಳೆ. ಎದ್ದ ಕೂಡಲೇ ಚಹಾ ಬೇಕು, ಮುಖ ತೊಳೆಯೋದೇ ಚಹಾಕ್ಕೋಸ್ಕರ. ಅತ್ತೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿದ ಮೇಲೆಯೇ ಒಲೆ ಮುಟ್ಟೋದು. ಎರಡನೇ ದಿನವೇ ಅವ್ವನಿಗೆ ಗೊತ್ತಾಯಿತು. ಯಾರೂ ಏನೂ ಹೇಳಲಿಲ್ಲ. "ನೀವು ಮಾಡ್ಕೊಳ್ಳಿ ಬೀಗಿತ್ತಿಯವರೇ, ನನಗೇನಿಲ್ಲ" ಅಂತ ಅತ್ತೆ. "ಅವಸರ ಏನೈತ್ರಿ, ನಿಮ್ಮ ಪೂಜಿ ಆಗ್ಲಿ" ಅಂತ ಅವ್ವ. ಏಳೂವರೆವರೆಗೆ ಚಹಾ ಇಲ್ಲದೆ ಬಾಲ್ಕನಿಯಲ್ಲಿ ಕೂತಿರ್ತಿದ್ದಳು. ನಾನು ಅದನ್ನು ಹೊಂದಾಣಿಕೆ ಅಂದುಕೊಂಡೆ.

ಆಮೇಲೆ ರೊಟ್ಟಿ. ಜೋಳದ ರೊಟ್ಟಿ ಬಡಿಯೋಕೆ ಜಾಗ ಬೇಕು, ಉರಿ ಜಾಸ್ತಿ ಬೇಕು, ಹಿಟ್ಟು ಕಟ್ಟೆ ತುಂಬ ಹಾರುತ್ತೆ, ಸದ್ದೂ ಆಗುತ್ತೆ. ಅವ್ವ ರೊಟ್ಟಿ ಮುಗಿಸಿ ಹೊರಗೆ ಬಂದ ಮೇಲೆ ಅತ್ತೆ ಒಳಗೆ ಹೋಗಿ ಕಟ್ಟೆಯನ್ನು ಇನ್ನೊಮ್ಮೆ ಒರೆಸುತ್ತಿದ್ದರು. ಅವ್ವ ಒರೆಸಿದ್ದ ಕಟ್ಟೆಯನ್ನೇ. ಅತ್ತೆಗೆ ಅದು ಅಭ್ಯಾಸ, ನಾನು ಒರೆಸಿದ್ದನ್ನೂ ಒರೆಸುತ್ತಾರೆ. ಆದರೆ ಅವ್ವ, ಅತ್ತೆ ಮಲಗೋ ಹೊತ್ತು ನೋಡಿ, ಮಧ್ಯಾಹ್ನ ರೊಟ್ಟಿ ಬಡಿಯೋಕೆ ಶುರು ಮಾಡಿದಳು. ಆಮೇಲೆ ಸದ್ದಿಗೆ ಅವರ ನಿದ್ದೆ ಕೆಡುತ್ತೆ ಅಂತ ಅದನ್ನೂ ಬಿಟ್ಟಳು. ಒಂದು ದಿನ ಅವಳ ಮಂಚದ ಕೆಳಗೆ ಸೂಟ್‌ಕೇಸ್ ಎಳೆಯೋಕೆ ಹೋದೆ. ಹಿಂದೆ ಒಂದು ಪೊಟ್ಟಣ ಇತ್ತು. ಅಂಗಡಿಯ ಖಡಕ್ ರೊಟ್ಟಿ, ಅರ್ಧ ಖಾಲಿ, ಬಾಯಿಗೆ ರಬ್ಬರ್ ಬ್ಯಾಂಡ್. ನಲವತ್ತು ವರ್ಷ ದಿನಾ ರೊಟ್ಟಿ ಬಡಿದವಳು ಅಂಗಡಿ ರೊಟ್ಟಿಯನ್ನು ಕದ್ದು ತಿನ್ನುತ್ತಿದ್ದಳು.

ಅದೇ ವಾರ, "ಮನಿ ಧೂಳ ಹಿಡದಿರ್ತದ, ನೋಡ್ಕೊಂಡು ಬರ್ತೀವಿ" ಅಂತ ಅಪ್ಪನ ಜೊತೆ ರಾಣಿ ಚೆನ್ನಮ್ಮ ರೈಲು ಹತ್ತಿದವಳು ಏಳು ತಿಂಗಳು ಬರಲಿಲ್ಲ. ಅಲ್ಲಿ ಮನೆ ಇತ್ತು, ಗ್ಯಾಸ್ ಇರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಅಪ್ಪ, ಮಂಡಿನೋವಿನ ಅವ್ವ, ಪಕ್ಕದ ಮನೆಯವರು ಕೊಟ್ಟ ಕರೆಂಟ್ ಒಲೆ ಮೇಲೆ ಅನ್ನ ಮಾಡಿಕೊಂಡರು. ನಿಯಮ ಪಾಲಿಸಿದ ಮಗಳು ಬೆಂಗಳೂರಲ್ಲಿದ್ದಳು.

ಅತ್ತೆ ಸೊಸೆ ಜಗಳ ಆಡಬಹುದು. ಎರಡು ದಿನ ಮಾತು ಬಿಟ್ಟು ಮೂರನೇ ದಿನ ಕಾಫಿ ಕೊಟ್ಟರೆ ಮುಗೀತು. ತಾಯಿ ಮಗಳಿಗಂತೂ ಕಾಫಿಯೂ ಬೇಡ. ಬೀಗರಿಗೆ ಆ ಅನುಕೂಲ ಇಲ್ಲ. ಮದುವೆ ಮಾತುಕತೆ ದಿನ ಹಾಕಿಕೊಂಡ ಮರ್ಯಾದೆಯ ಅಂಗಿಯನ್ನು ಮನೆಯೊಳಗೂ ಬಿಚ್ಚೋ ಹಾಗಿಲ್ಲ. ಎಲ್ಲರೂ ಒಳ್ಳೆಯವರಾದರೆ ಇನ್ನೂ ಕಷ್ಟ, ಯಾರೂ ಬಾಯಿ ಬಿಡೋದಿಲ್ಲ. ಜಗಳ ಆಡೋಕೆ ಆಗದವರಿಗೆ ಬೇರೆ ಒಲೆ ಕೊಡಬೇಕು.

2019ರಲ್ಲಿ ಮೇಲೆ ಕೆಳಗೆ ಎರಡು ಪೋರ್ಷನ್ ಇರೋ ಮನೆ ಹಿಡಿದೆವು. ಮಂಡಿನೋವು ಅಂತ ಅಪ್ಪ ಅವ್ವ ಕೆಳಗೆ, ನಾವು ಅತ್ತೆ ಮೇಲೆ. ಎರಡೂ ಸೇರಿ 36,000. ಒಟ್ಟಿಗೆ ಇದ್ದರೆ ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲ ಉಳಿಯುತ್ತೆ ಅಂತ ಬರೆದಿದ್ದೀರಲ್ಲ, ಆ ಲೆಕ್ಕ ನಾನೂ ಹಾಕಿದ್ದೆ. ತಿಂಗಳಿಗೆ 8,000 ಜಾಸ್ತಿ ಕೊಟ್ಟು ಅವ್ವನ ಐದೂವರೆ ಚಹಾ ವಾಪಸ್ ತಂದಿದ್ದೀನಿ. ಬಾಡಿಗೆ ಕರಾರುಪತ್ರ ತೋರಿಸಿ ಅಪ್ಪನ ಹೆಸರಲ್ಲಿ ಹೊಸ ಕನೆಕ್ಷನ್ ತಗೊಂಡೆವು. ಈಗ ಅತ್ತೆ ತಟ್ಟೆ ಹಿಡಿದು ಕೆಳಗೆ ಹೋಗಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಬರ್ತಾರೆ. ಅಲ್ಲಿನ ಕಟ್ಟೆ ಒರೆಸೋದಿಲ್ಲ, ಅದು ಬೀಗರ ಮನೆ ಅಲ್ವಾ.

ಊರಿನ ಮನೆ ಮಾರೋ ವಿಚಾರ: ಈಗಲೇ ಬೇಡ, ಕನಿಷ್ಠ ಒಂದು ವರ್ಷ ಒಟ್ಟಿಗೆ ಇದ್ದು ನೋಡಿ. ಧಾರವಾಡದ ಮನೆ ಮಾರದೇ ಇದ್ದದ್ದು ನಾವು ಮಾಡಿದ ಒಂದೇ ಬುದ್ಧಿವಂತ ಕೆಲಸ. ಮಾರಲೇಬೇಕು ಅಂದರೂ ಹೊಸ ಫ್ಲ್ಯಾಟನ್ನು ನಿಮ್ಮ ಯಜಮಾನರ ಹೆಸರಲ್ಲಿ ಮಾತ್ರ ಮಾಡಿಸಬೇಡಿ. ಮನೆ ಮಾರಿ ಬಂದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ಮಾರಿದ ಅಪ್ಪನೇ ಹೊಸ ಮನೆಯಲ್ಲಿ ಹಣ ಹಾಕಬೇಕು. ಮಾರಿದ ದಿನದಿಂದ ಕೊಳ್ಳೋಕೆ 2 ವರ್ಷ, ಕಟ್ಟಿಸೋಕೆ 3 ವರ್ಷ ಸಮಯ ಇದೆ. ಅಷ್ಟರಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸೋ ಕೊನೇ ದಿನ ಬಂದರೆ, ಉಳಿದ ಹಣವನ್ನು ಬ್ಯಾಂಕಿನಲ್ಲಿ ಅದಕ್ಕೇ ಇರುವ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು. ಆಡಿಟರ್ ಒಬ್ಬರನ್ನು ಕೇಳಿ. ತೆರಿಗೆ ಬಿಡಿ, ಅಪ್ಪನ ದುಡ್ಡಿನ ಮನೆಯಲ್ಲಿ ಅಪ್ಪನ ಹೆಸರು ಇರಲಿ.

ಪಕ್ಕಪಕ್ಕದ ಎರಡು ಸಣ್ಣ ಫ್ಲ್ಯಾಟ್ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಇಲ್ಲ, ಆ ನಾಲ್ಕು ಬೆಡ್‌ರೂಮಿನದೇ ಅಂತ ಮನಸ್ಸಲ್ಲಿ ನಿಂತುಬಿಟ್ಟಿದ್ದರೆ, ಟೋಕನ್ ಅಡ್ವಾನ್ಸ್ ಕೊಡೋ ಮುಂಚೆ ಇನ್ನೊಂದು ಸಲ ಹೋಗಿ ಯುಟಿಲಿಟಿ, ಅಂದರೆ ಅಡುಗೆಮನೆ ಪಕ್ಕದ ಪಾತ್ರೆ, ಬಟ್ಟೆ ತೊಳೆಯೋ ಜಾಗ, ನೋಡಿ. ಅಲ್ಲಿ ಸಿಂಕ್, ಹೊಗೆ ಹೋಗೋಕೆ ಕಿಟಕಿ, 16 ಆಂಪಿಯರ್ ಪ್ಲಗ್ ಪಾಯಿಂಟ್ ಮೂರೂ ಇದ್ದರೆ ಒಂದು ಇಂಡಕ್ಷನ್ ಒಲೆ ಇಡಬಹುದು. ವಾಷಿಂಗ್ ಮೆಷಿನ್ ಬಾತ್‌ರೂಮಿಗೆ ಹೋಗಲಿ. ಹೋಗುವಾಗ ನಿಮ್ಮ ಅಮ್ಮನನ್ನೂ ಕರ್ಕೊಂಡು ಹೋಗಿ. ಅತ್ತೆ ಜೊತೆಯಲ್ಲಿ ಬೇಡ, ಒಬ್ಬರನ್ನೇ.